ಓದಲು ಬಂದ ದೇಶದಲ್ಲಿ ಕೇಕ್ ಅಲಂಕಾರ: ಯಾವ ಕ್ರೀಮು, ಎಷ್ಟು ದೊಡ್ಡ ಕೇಕು, ಯಾವ ಕ್ಲಾಸು?

ಪ್ರಬಂಧ ಕಳಿಸಲು ಮೂರು ದಿನ ಬಾಕಿ ಇತ್ತು. ರಾತ್ರಿ ಹನ್ನೊಂದು ಗಂಟೆ. ಹಾಸ್ಟೆಲ್‌ನ ಎಲ್ಲರಿಗೂ ಸೇರಿದ ಅಡುಗೆಮನೆಯಲ್ಲಿ ನಾನು ಒಂದು ತಟ್ಟೆಯನ್ನು ಬೋರಲು ಹಾಕಿಕೊಂಡು ಕೂತಿದ್ದೆ. ಅದರ ಬೆನ್ನಿನ ಮೇಲೆ ಬಟರ್‌ಕ್ರೀಮಿನ ಸಣ್ಣ ಸಣ್ಣ ಚಿಪ್ಪುಗಳನ್ನು ಸಾಲಾಗಿ ಹಿಂಡುವುದು, ತಟ್ಟೆ ತುಂಬಿದ ಮೇಲೆ ಕೆರೆದು ಬಟ್ಟಲಿಗೆ ಹಾಕುವುದು, ಮತ್ತೆ ಮೊದಲಿನಿಂದ ಶುರು. ನೀರು ಕುಡಿಯಲು ಬಂದ ಪಕ್ಕದ ರೂಮಿನವಳು ಸ್ವಲ್ಪ ಹೊತ್ತು ನಿಂತು ನೋಡಿ, "ಅಲ್ಲಾ, ಕೇಕ್ ಎಲ್ಲಿ?" ಎಂದಳು. ಕೇಕ್ ಇರಲಿಲ್ಲ. ಇರಬೇಕು ಅಂತಲೂ ಇಲ್ಲ.

ಕೇಕ್ ಬೇಯಿಸುವುದು ಒಂದು ಹವ್ಯಾಸ, ಅಲಂಕಾರ ಇನ್ನೊಂದು. ಎರಡೂ ಒಟ್ಟಿಗೇ ಬರಬೇಕು ಅಂದುಕೊಂಡು ತುಂಬಾ ಜನ ಶುರುವಿನಲ್ಲೇ ಸುಸ್ತಾಗುತ್ತಾರೆ. ಓವನ್ ಇಲ್ಲ, ಜಾಗ ಇಲ್ಲ, ತಿನ್ನುವವರಿಲ್ಲ ಅಂತ ಕೈಬಿಡುತ್ತಾರೆ. ಅಲಂಕಾರಕ್ಕೆ ಬೇಕಾಗಿರುವುದು ಒಂದು ಬಟ್ಟಲು, ಕ್ರೀಮು ಹಿಂಡುವ ಒಂದು ಚೀಲ, ಅದರ ತುದಿಗೆ ಹಾಕುವ ಒಂದು ನಾಜಲ್, ಒಂದು ಚಪ್ಪಟೆ ಜಾಗ, ಅಷ್ಟೇ.

ಹಾಗಂತ ಯಾವುದರಿಂದ ಶುರು ಮಾಡಿದರೂ ಒಂದೇ ಅಂತಲ್ಲ. ಹುಡುಕಿದರೆ ಸಿಗುವ ಸಲಹೆಗಳೆಲ್ಲ ಯಾವುದು ಚಂದ ಕಾಣುತ್ತದೆ, ಯಾವುದು ರುಚಿ ಜಾಸ್ತಿ ಎಂಬ ಲೆಕ್ಕದಲ್ಲಿರುತ್ತವೆ. ಓದಿನ ನಡುವೆ ತಲೆ ಹಗುರ ಮಾಡಿಕೊಳ್ಳಲು ಕಲಿಯುವವರಿಗೆ ಆ ಲೆಕ್ಕ ಸರಿಹೋಗುವುದಿಲ್ಲ. ನಾನು ಕೇಳುವುದು ಎರಡೇ ಪ್ರಶ್ನೆ. ತಪ್ಪಾದರೆ ಅಳಿಸಿ ಮತ್ತೆ ಮಾಡಬಹುದಾ? ಅರ್ಧಕ್ಕೇ ಬಿಟ್ಟು ಎದ್ದು ಹೋಗಬಹುದಾ? ಹಗಲೆಲ್ಲ ಅಂಕ, ಗಡುವು, ತಿದ್ದುಪಡಿ ಅಂತ ಒದ್ದಾಡಿ ಬಂದವರಿಗೆ ರಾತ್ರಿ ಇನ್ನೊಂದು ಪರೀಕ್ಷೆ ಯಾಕೆ ಬೇಕು? ಸ್ಲೇಟಿನ ಹಾಗೆ ಒರೆಸಿ ಬರೆಯುವಂಥದ್ದು ಬೇಕು.

ಬಟರ್‌ಕ್ರೀಮ್: ನನ್ನ ಮೊದಲ ಮತ

ಬೆಣ್ಣೆ ಒಂದು ಪಾಲು, ಐಸಿಂಗ್ ಶುಗರ್ (ನುಣ್ಣನೆಯ ಪುಡಿ ಸಕ್ಕರೆ) ಎರಡು ಪಾಲು, ಒಂದೆರಡು ಚಮಚ ಹಾಲು. ಇದು ಅಮೆರಿಕನ್ ಬಟರ್‌ಕ್ರೀಮ್. ಒಲೆ ಬೇಡ, ಮೊಟ್ಟೆ ಬೇಡ, ಥರ್ಮಾಮೀಟರ್ ಬೇಡ. ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳು ಜಾರಬಾರದು. ಈ ಒಂದು ವಿಷಯ ಸರಿಯಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ನನ್ನ ಎರಡೂ ಪ್ರಶ್ನೆಗೆ ಇದು ಹೌದು ಅನ್ನುತ್ತದೆ. ಗುಲಾಬಿ ಹೂಕೋಸಿನ ಹಾಗೆ ಕಂಡರೆ ಕೆರೆದು ತೆಗೆಯಿರಿ, ಮತ್ತೆ ಚೀಲಕ್ಕೆ ತುಂಬಿ. ಅದೇ ಕ್ರೀಮನ್ನು ಹತ್ತು ಸಲ ಹಿಂಡಿದರೂ ಅದು ಬೇಜಾರು ಮಾಡಿಕೊಳ್ಳುವುದಿಲ್ಲ. ಕೈಯ ಶಾಖಕ್ಕೆ ಮೆತ್ತಗಾದರೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರಾಯಿತು. ಫೋನ್ ಬಂತು, ನಿದ್ದೆ ಬಂತು, ಗುಂಪಿನ ಕೆಲಸಕ್ಕೆ ಯಾರೋ ಕರೆದರು ಅಂದರೆ ಮುಚ್ಚಿಟ್ಟು ಹೋಗಬಹುದು. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಮತ್ತೆ ಬಳಸುವಾಗ ರೂಮಿನ ಬಿಸಿಗೆ ಬರಲು ಬಿಟ್ಟು ಚೆನ್ನಾಗಿ ಕಲಸಿ.

ಇದರ ಕೆಟ್ಟ ಗುಣ ಸಿಹಿ. ಸಿಹಿ ಅಂದರೆ ಹಲ್ಲು ಜುಮ್ಮೆನ್ನುವಷ್ಟು. ಒಂದು ಚಿಟಿಕೆ ಉಪ್ಪು ಹಾಕಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಅದಕ್ಕೇ ಕೆಲವರು ನೇರವಾಗಿ ಸ್ವಿಸ್ ಮೆರಿಂಗ್ ಬಟರ್‌ಕ್ರೀಮಿಗೆ ಹಾರುತ್ತಾರೆ. ಮೊಟ್ಟೆಯ ಬಿಳಿ ಮತ್ತು ಸಕ್ಕರೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಸುಮಾರು 71 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ನೊರೆ ಗಟ್ಟಿಯಾಗುವವರೆಗೆ ಬೀಟ್ ಮಾಡಿ, ಆಮೇಲೆ ಬೆಣ್ಣೆಯನ್ನು ಚೂರು ಚೂರಾಗಿ ಸೇರಿಸಬೇಕು. ಬಿಳಿ 100 ಗ್ರಾಂ ಇದ್ದರೆ ಸಕ್ಕರೆ 200, ಬೆಣ್ಣೆ 300 ಎಂಬ ಲೆಕ್ಕ ನೆನಪಿಡಲು ಸುಲಭ. ರುಚಿ, ನುಣುಪು ಎರಡರಲ್ಲೂ ಇದು ಅಮೆರಿಕನ್‌ಗಿಂತ ಎಷ್ಟೋ ಮೇಲು. ಹೂವಿನ ಎಸಳು ರೇಷ್ಮೆಯ ಹಾಗೆ ಬರುತ್ತದೆ. ಆದರೆ ಕಾಲು ಗಂಟೆಯಾದರೂ ಬೀಟರ್ ಓಡಬೇಕು. ಗೋಡೆ ತೆಳ್ಳಗಿರುವ ಕಟ್ಟಡದಲ್ಲಿ ರಾತ್ರಿ ಹತ್ತರ ಮೇಲೆ ಇದು ಜಗಳಕ್ಕೆ ಆಹ್ವಾನ. ಮಧ್ಯದಲ್ಲಿ ಕ್ರೀಮು ಒಡೆದ ಹಾಲಿನ ಹಾಗೆ ಕಂಡು ಹೆದರಿಸುವುದೂ ಇದೆ. ಹೆದರಬೇಡಿ. ಬೆಣ್ಣೆ ತಣ್ಣಗಿತ್ತು ಅಂತ ಅರ್ಥ, ಬೀಟ್ ಮಾಡುತ್ತಲೇ ಇದ್ದರೆ ಕೂಡಿಕೊಳ್ಳುತ್ತದೆ. ನೀರಾದರೆ ಉಲ್ಟಾ, ಅದು ಬಿಸಿ ಜಾಸ್ತಿಯಾಗಿದೆ. ಬಟ್ಟಲು ಸಮೇತ ಫ್ರಿಜ್ಜಿನಲ್ಲಿಟ್ಟು ಮತ್ತೆ ಬೀಟ್ ಮಾಡಿ.

ಇಟಾಲಿಯನ್ ಎಂಬ ಇನ್ನೊಂದಿದೆ. ಕುದಿಯುವ ಸಕ್ಕರೆ ಪಾಕವನ್ನು ಓಡುತ್ತಿರುವ ಬೀಟರ್ ಪಕ್ಕದಲ್ಲಿ ಸುರಿಯಬೇಕು. ಹಂಚಿಕೊಂಡ ಅಡುಗೆಮನೆಗೆ ಅದು ಬೇಡವೇ ಬೇಡ.

ಒಂದು ಕಿವಿಮಾತು. ಬರೀ ಕೈ ಪಳಗಿಸಲು ಬೆಣ್ಣೆ ಕೂಡ ಬೇಡ. ವೆಜಿಟೆಬಲ್ ಶಾರ್ಟನಿಂಗ್ (ವನಸ್ಪತಿಯಂಥ ಗಟ್ಟಿ ಕೊಬ್ಬು) ಮತ್ತು ಐಸಿಂಗ್ ಶುಗರ್ ಕಲಸಿಟ್ಟರೆ ಅದು ಹೊರಗೇ ಇರುತ್ತದೆ, ಬೇಗ ಕರಗುವುದಿಲ್ಲ. ತಿನ್ನಲು ಅಲ್ಲ, ಅಭ್ಯಾಸಕ್ಕೆ ಮಾತ್ರ. ಡಬ್ಬಿಯ ಮೇಲೆ ಹಾಗಂತ ಬರೆದಿಡಿ. ನಾನು ಬರೆದಿಡಲಿಲ್ಲ. ಒಬ್ಬರು ಬೆಳಿಗ್ಗೆ ಬ್ರೆಡ್ಡಿಗೆ ಸವರಿಕೊಂಡು ತಿಂದರು.

ವಿಪ್ಪಿಂಗ್ ಕ್ರೀಮ್ ಮತ್ತು ಗನಾಶ್

ತಿನ್ನುವವರಿಗೆ ಇಷ್ಟವಾಗುವುದು ವಿಪ್ಪಿಂಗ್ ಕ್ರೀಮ್. ಹಗುರ, ಸಿಹಿ ಕಮ್ಮಿ. ಕಲಿಯುವವರಿಗೆ ಮಾತ್ರ ಇದು ಸಿಟ್ಟಿನ ಸ್ನೇಹಿತ. ಒಂದು ಸಲ ಹಿಂಡಿದ್ದನ್ನು ಕೆರೆದು ಮತ್ತೆ ಚೀಲಕ್ಕೆ ಹಾಕಿದರೆ ತರಿತರಿಯಾಗುತ್ತದೆ. ಮೂರನೇ ಸಲಕ್ಕೆ ಬೆಣ್ಣೆಯ ದಾರಿ ಹಿಡಿದಿರುತ್ತದೆ. ಅಂದರೆ ಅಳಿಸುವ ಹಾಗಿಲ್ಲ. ರೂಮಿನ ಬಿಸಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ, ಹಾಗಾಗಿ ಬಿಟ್ಟು ಹೋಗುವ ಹಾಗೂ ಇಲ್ಲ. ಕೇಕ್ ಮೇಲೆ ಸುಮ್ನೆ ಹರಡಿ, ಮೇಲೆ ನಾಲ್ಕು ಹಣ್ಣಿಟ್ಟು ಮುಗಿಸುವ ದಿನಕ್ಕೆ ಇದು ಸರಿ. ಅಂಥ ದಿನ ಕೊಬ್ಬಿನಂಶ 35 ಪ್ರತಿಶತ ಅಥವಾ ಅದಕ್ಕಿಂತ ಜಾಸ್ತಿ ಇರುವ ಕ್ರೀಮನ್ನೇ ತನ್ನಿ. ಬಟ್ಟಲನ್ನೂ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ. ಸ್ವಲ್ಪ ಜಾಸ್ತಿ ಬೀಟ್ ಆಗಿಹೋದರೆ ಒಂದೆರಡು ಚಮಚ ಹಸಿ ಕ್ರೀಮು ಸೇರಿಸಿ ಮೆಲ್ಲಗೆ ಮಡಚಿ ಕಲಸಿ, ಸರಿಹೋಗಬಹುದು. ಡೈರಿ ಅಲ್ಲದ ಕ್ರೀಮು ಇದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ನನಗೆ ಅದು ಬಾಯಲ್ಲಿ ಮೇಣದ ಹಾಗೆ ಅನಿಸುತ್ತದೆ.

ಗನಾಶ್ ಅಂದರೆ ಚಾಕೊಲೇಟ್ ಮತ್ತು ಬಿಸಿ ಕ್ರೀಮು. ತೂಕ ಹಾಕಿ ಮಾಡಿದರೆ ತಪ್ಪುವುದು ಕಷ್ಟ. ಡಾರ್ಕ್ ಚಾಕೊಲೇಟ್ ಆದರೆ ಸಮ ಸಮ ಹಾಕಿದಾಗ ಸುರಿಯುವ ಹದ, ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮು ಹಾಕಿದಾಗ ಕೇಕಿಗೆ ಮೆತ್ತುವ ಹದ. ಬಿಳಿ ಚಾಕೊಲೇಟಿಗೆ ಮೂರಕ್ಕೆ ಒಂದು ಬೇಕು. ಬೀಟರ್ ಬೇಡ, ಸದ್ದಿಲ್ಲ, ಗಟ್ಟಿಯಾದರೆ ಕೆಲವು ಸೆಕೆಂಡು ಮೈಕ್ರೋವೇವ್ ಸಾಕು. ಹೂವು, ಬಳ್ಳಿ ಅಂತ ಹಿಂಡಲು ಇದು ಅಷ್ಟು ಒಗ್ಗುವುದಿಲ್ಲ. ಆದರೆ ಕೇಕಿನ ಮೈಯನ್ನು ಕನ್ನಡಿಯ ಹಾಗೆ ನಯ ಮಾಡುವ ಕೆಲಸವೇ ಇಷ್ಟ ಅನ್ನುವವರಿದ್ದಾರೆ. ಅವರಿಗೆ ಗನಾಶ್‌ಗಿಂತ ಒಳ್ಳೆಯದಿಲ್ಲ.

ರಾಯಲ್ ಐಸಿಂಗ್: ಚಿತ್ರ ಬಿಡಿಸುವವರಿಗೆ

ಮೊಟ್ಟೆಯ ಬಿಳಿ ಅಥವಾ ಮೆರಿಂಗ್ ಪೌಡರ್ (ಒಣಗಿಸಿದ ಮೊಟ್ಟೆಯ ಬಿಳಿಯ ಪುಡಿ), ಜೊತೆಗೆ ಐಸಿಂಗ್ ಶುಗರ್. ಒಣಗಿದರೆ ಗಟ್ಟಿ. ಇದನ್ನು ಹೆಚ್ಚಾಗಿ ಬಿಸ್ಕತ್ತಿನ ಮೇಲೆ ಬಳಸುತ್ತಾರೆ. ಹಸಿ ಮೊಟ್ಟೆ ತಿನ್ನುವ ಭಯ ಬೇಡ ಅಂದರೆ ಮೆರಿಂಗ್ ಪೌಡರ್ ಅಥವಾ ಪಾಶ್ಚರೀಕರಿಸಿದ ಬಿಳಿಯೇ ತನ್ನಿ.

ಇಲ್ಲಿ ಆಟವೆಲ್ಲ ಹದದ್ದು. ಬಟ್ಟಲಿನ ಐಸಿಂಗ್ ನಡುವೆ ಚಾಕುವಿನಿಂದ ಒಂದು ಗೀಟು ಎಳೆದು ಎಣಿಸಬೇಕು. ಹತ್ತು, ಹದಿನೈದು ಎಣಿಸುವಷ್ಟರಲ್ಲಿ ಗೀಟು ಮುಚ್ಚಿಕೊಂಡರೆ ಅದು ಒಳಗೆ ತುಂಬುವ ಹದ. ಅಂಚಿನ ಗೆರೆಗೆ ಇದಕ್ಕಿಂತ ಗಟ್ಟಿ ಬೇಕು. ಹನಿ ಹನಿ ನೀರಿನಲ್ಲಿ ಇಡೀ ಫಲಿತಾಂಶ ಬದಲಾಗುತ್ತದೆ. ಇದನ್ನು ಕಲಿಯಲು ನನಗೆ ಬಟರ್‌ಕ್ರೀಮಿಗಿಂತ ಮೂರು ಪಟ್ಟು ಸಮಯ ಹಿಡಿಯಿತು.

ಅಳಿಸಬಹುದಾ? ಹಸಿ ಇರುವಾಗ ಟೂತ್‌ಪಿಕ್‌ನಿಂದ ಸ್ವಲ್ಪ ಸರಿಮಾಡಬಹುದು. ಮೇಲೆ ಪೊರೆ ಕಟ್ಟಿದ ಮೇಲೆ ಕೈ ಹಾಕಿದರೆ ಕೆಟ್ಟಿತು. ಆದರೆ ಎರಡನೇ ಪ್ರಶ್ನೆಗೆ ಇದರ ಉತ್ತರ ಎಲ್ಲರಿಗಿಂತ ಚೆನ್ನ. ಒಂದು ಪದರ ಒಣಗಲು ಹೇಗೂ ಕಾಯಬೇಕು. ಅಂಚು ಎಳೆದು ಒಂದು ಅಧ್ಯಾಯ ಓದಿ, ಬಣ್ಣ ತುಂಬಿ ಮಲಗಿ, ಮರುದಿನ ಸಂಜೆ ಕಣ್ಣು ಮೂಗು ಬರೆಯಿರಿ. ಫ್ರಿಜ್ಜಿನಲ್ಲಿ ಜಾಗ ಬೇಕಿಲ್ಲ. ಎಂಟು ಜನಕ್ಕೆ ಒಂದು ಫ್ರಿಜ್ಜು ಇರುವಲ್ಲಿ ಇದು ಸಣ್ಣ ಮಾತಲ್ಲ. ಕೆಲಸದ ನಡುವೆ ಬಟ್ಟಲಿನ ಮೇಲೆ ಒದ್ದೆ ಬಟ್ಟೆ ಮುಚ್ಚಿಡುವುದನ್ನು ಮರೆಯಬೇಡಿ. ಬಟ್ಟಲಿನಲ್ಲಿ ಜಿಡ್ಡು ಇರಬಾರದು. ನಿನ್ನೆಯ ಬಟರ್‌ಕ್ರೀಮಿನ ಪಸೆ ಉಳಿದಿದ್ದರೂ ಇದು ಉಬ್ಬುವುದಿಲ್ಲ.

ಚಿಕ್ಕಂದಿನಲ್ಲಿ ನೋಟ್‌ಬುಕ್ಕಿನ ಅಂಚಿನಲ್ಲಿ ಚಿತ್ರ ಬಿಡಿಸುತ್ತಾ ಕೂರುತ್ತಿದ್ದವರು ನೀವಾಗಿದ್ದರೆ ನನ್ನ ಮಾತು ಬಿಟ್ಟು ಇದರಿಂದಲೇ ಶುರು ಮಾಡಿ.

ಫಾಂಡಂಟ್: ಕೇಕಿಗೆ ಬೇಡ, ಬೊಂಬೆಗೆ ಬೇಕು

ಸಕ್ಕರೆಯ ಜೇಡಿಮಣ್ಣು ಅಂತ ಅಂದುಕೊಳ್ಳಿ. ಅಂಗಡಿಯಲ್ಲಿ ಕಲಸಿದ್ದೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಇದನ್ನು ಲಟ್ಟಿಸಿ ಇಡೀ ಕೇಕಿಗೆ ಹೊದಿಸುವುದು ಆರಂಭದವರಿಗೆ ನರಕ. ಕೆಳಗೆ ಬಟರ್‌ಕ್ರೀಮ್ ಅಥವಾ ಗನಾಶ್‌ನ ನಯವಾದ ಪದರ ಬೇಕು. ಅದಿಲ್ಲದಿದ್ದರೆ ಒಳಗಿನ ಉಬ್ಬು ತಗ್ಗುಗಳೆಲ್ಲ ಹೊರಗೆ ಕಾಣುತ್ತವೆ. ಹೊದಿಸುವಾಗ ಅಂಚಿನಲ್ಲಿ ಹರಿಯುತ್ತದೆ. ತಡ ಮಾಡಿದರೆ ಒಣಗಿ ಆನೆಯ ಚರ್ಮದ ಹಾಗೆ ಸುಕ್ಕಾಗುತ್ತದೆ. ಫ್ರಿಜ್ಜಿನಿಂದ ಹೊರತೆಗೆದರೆ ಬೆವರುತ್ತದೆ. ಇಷ್ಟೆಲ್ಲ ಪಟ್ಟ ಮೇಲೆ ತಿನ್ನುವವರು ಅದನ್ನು ಸುಲಿದು ತಟ್ಟೆಯ ಪಕ್ಕಕ್ಕಿಡುತ್ತಾರೆ.

ಆದರೆ ಒಂದು ಸಣ್ಣ ಪ್ಯಾಕೆಟ್ ತಂದು ಮೊಲ, ಅಣಬೆ, ಪುಸ್ತಕದ ರಾಶಿ, ಮಲಗಿದ ಬೆಕ್ಕು ಮಾಡುತ್ತಾ ಕೂತು ನೋಡಿ. ಇದು ಬೇರೆಯೇ ಲೋಕ. ಮೇಜಿನ ಒಂದು ಮೂಲೆ ಸಾಕು. ತೊಳೆಯುವ ಪಾತ್ರೆಯೇ ಇಲ್ಲ. ಸರಿಬರದಿದ್ದರೆ ಮುದ್ದೆ ಮಾಡಿ ಮತ್ತೆ ನಾದಬಹುದು. ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದ ಹಾಗೆ ಸುತ್ತಿಟ್ಟರೆ ನಾಳೆಗೂ ಮೆತ್ತಗಿರುತ್ತದೆ. ಬೊಂಬೆ ಗಟ್ಟಿಯಾಗಿ ನಿಲ್ಲಬೇಕಾದರೆ ಸಿಎಂಸಿ ಪುಡಿ (ತಿನ್ನಬಹುದಾದ, ಗಟ್ಟಿ ಮಾಡುವ ಅಂಟುಪುಡಿ) ಒಂದು ಚಿಟಿಕೆ ಸೇರಿಸಿ ನಾದಿ. ಮಾಡಿದ ಬೊಂಬೆ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ನನ್ನ ಓದುವ ಮೇಜಿನ ಮೇಲೆ ಒಂದು ಆಮೆ ಎರಡು ಸೆಮಿಸ್ಟರ್ ಕೂತಿತ್ತು.

ಯಾವ ಕೆಲಸ ಹೆಚ್ಚು ನೆಮ್ಮದಿ ಕೊಡುತ್ತದೆ?

ಕ್ರೀಮು ಆರಿಸಿದ ಮೇಲೆ ಅದರಲ್ಲಿ ಏನು ಮಾಡುತ್ತೀರಿ ಎಂಬುದು ಇನ್ನೂ ದೊಡ್ಡ ವಿಷಯ. ನಾನು ಶುರುವಿನಲ್ಲಿ ಎಲ್ಲರ ಹಾಗೆ ಗುಲಾಬಿಯ ಹಿಂದೆ ಬಿದ್ದೆ. ಗುಲಾಬಿಗೆ ಎರಡು ಕೈಗೂ ಬೇರೆ ಬೇರೆ ಕೆಲಸ. ಒಂದು ಕೈ ಹೂವಿನ ಮೊಳೆ (ಹೂವು ಹಿಂಡಲು ಬಳಸುವ, ಚಪ್ಪಟೆ ತಲೆಯ ಮೊಳೆ) ತಿರುಗಿಸಬೇಕು, ಇನ್ನೊಂದು ಹಿಂಡಬೇಕು, ನಾಜಲಿನ ಅಗಲದ ತುದಿ ಕೆಳಗಿರಬೇಕು. ಹತ್ತು ಗುಲಾಬಿ ಕೆಟ್ಟ ಮೇಲೆ ಹಲ್ಲು ಕಚ್ಚಿಕೊಂಡಿದ್ದೆ. ಇದೆಂಥ ವಿಶ್ರಾಂತಿ?

ಆಮೇಲೆ ಸಿಕ್ಕಿದ್ದು ಶೆಲ್ ಬಾರ್ಡರ್, ಅಂದರೆ ಚಿಪ್ಪುಗಳ ಸಾಲಿನ ಅಂಚು. ಚೀಲವನ್ನು 45 ಡಿಗ್ರಿ ಓರೆ ಹಿಡಿದು ಒತ್ತಿ, ಉಬ್ಬಲು ಬಿಟ್ಟು, ಒತ್ತಡ ಸಡಿಲಿಸುತ್ತಾ ಎಳೆಯಿರಿ. ಮುಂದಿನದು ಹಿಂದಿನದರ ಬಾಲದ ಮೇಲೆ. ಒತ್ತು, ಸಡಿಲಿಸು, ಎಳೆ. ಇಪ್ಪತ್ತನೆಯದಕ್ಕೆ ಉಸಿರು ಅದೇ ತಾಳಕ್ಕೆ ಬಂದಿರುತ್ತದೆ. ಅರವತ್ತನೆಯದಕ್ಕೆ ಮೇಲ್ವಿಚಾರಕರ ಇಮೇಲ್ ಮರೆತಿರುತ್ತದೆ. ಗುಲಾಬಿಯಲ್ಲಿ ಪ್ರತಿ ಎಸಳೂ ಒಂದು ತೀರ್ಮಾನ. ಚಿಪ್ಪಿನಲ್ಲಿ ತೀರ್ಮಾನವೇ ಇಲ್ಲ.

ಈಗ ಎಲ್ಲೆಡೆ ಕಾಣುವ, ಗೊಂಚಲು ಗೊಂಚಲು ಅಂಚು, ಕುಚ್ಚು, ನೆರಿಗೆ ತುಂಬಿದ ಹಳೆಯ ಕಾಲದ ಶೈಲಿಯ ಕೇಕುಗಳಿಗೆ ಮೂಲ ಇದೇ. ಆ ಶೈಲಿಗೆ ಲ್ಯಾಂಬೆತ್ ಎಂದು ಹೆಸರು. 1930ರ ದಶಕದಲ್ಲಿ ಅದನ್ನು ಜನಪ್ರಿಯಗೊಳಿಸಿದ ಜೋಸೆಫ್ ಲ್ಯಾಂಬೆತ್ ಎಂಬ ಕೇಕ್ ಕುಶಲಿಗನ ಹೆಸರದು. ಮಾಡಿದ ಗೆರೆಯ ಮೇಲೇ ಮತ್ತೆ ಗೆರೆ, ಅದರ ಮೇಲೆ ಇನ್ನೊಂದು. ದೂರದಿಂದ ನೋಡಿದರೆ ಅರಮನೆ, ಹತ್ತಿರ ಬಂದರೆ ನಾಲ್ಕೇ ಚಲನೆಗಳ ಪುನರಾವರ್ತನೆ. ಒಂದು ಚಿಪ್ಪು ಸೊಟ್ಟಗಾದರೆ ಅದರ ಮೇಲೊಂದು ಸಕ್ಕರೆ ಮಣಿ ಇಟ್ಟರೆ ಮುಗಿಯಿತು.

ಬಯಲಾಗಿ ನಯವಾಗಿ ಬಿಡುವ ಸರಳ ಕೇಕ್ ಸುಲಭ ಅಂತ ಅನಿಸುತ್ತದೆ, ಅಲ್ವಾ? ಅದೇ ಕಷ್ಟದ್ದು. ಮುಚ್ಚಿಡಲು ಏನೂ ಇರುವುದಿಲ್ಲ. ಮೊದಲು ಪುಡಿ ಹಿಡಿದಿಡುವ ತೆಳು ಪದರ, ಅರ್ಧ ಗಂಟೆ ಫ್ರಿಜ್ಜು, ಆಮೇಲೆ ದಪ್ಪ ಪದರ, ಆಮೇಲೆ ತಿರುಗಿಸುತ್ತಾ ಕೆರೆಯುವುದು, ಗುಳಿ ತುಂಬುವುದು, ಮತ್ತೆ ಕೆರೆಯುವುದು. ಆರು ತಿಂಗಳ ನಂತರ ನೋಡಿಕೊಳ್ಳಿ.

ಕೇಕ್ ಎಷ್ಟು ದೊಡ್ಡದಿರಬೇಕು?

ಚಿಕ್ಕದು. ನೀವು ಅಂದುಕೊಂಡಿದ್ದಕ್ಕಿಂತ ಚಿಕ್ಕದು. 8 ಇಂಚಿನ ತಟ್ಟೆಯ ಅಳತೆ ಹೆಚ್ಚಿನ ಪಾಕವಿಧಾನಗಳಲ್ಲಿ ಇರುತ್ತದೆ. ಅದೇ ಎತ್ತರದ 6 ಇಂಚಿನ ಕೇಕಿಗೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಿಟ್ಟು ಸಾಕು. 4 ಇಂಚಿನದಕ್ಕೆ ಕಾಲು ಭಾಗ. ಅಗಲ ಅರ್ಧವಾದರೆ ವಿಸ್ತಾರ ಕಾಲಾಗುತ್ತದೆ, ಅಷ್ಟೇ ಲೆಕ್ಕ. ಊಟದ ಡಬ್ಬಿಯಲ್ಲಿ ಕೂರುವ 4 ಇಂಚಿನ ಕೇಕನ್ನು ಇಬ್ಬರು ತಿಂದು ಮುಗಿಸಬಹುದು. ಫ್ರಿಜ್ಜಿನಲ್ಲಿ ನಿಮ್ಮ ಪಾಲಿನ ಅರ್ಧ ಶೆಲ್ಫಿನಲ್ಲೇ ಹಿಡಿಯುತ್ತದೆ.

ಕಪ್‌ಕೇಕ್ ಇನ್ನೂ ಒಳ್ಳೆಯದು. ಪ್ರತಿಯೊಂದೂ ಹೊಸ ಕಾಗದ. ಹನ್ನೆರಡರಲ್ಲಿ ನಾಲ್ಕು ಚೆನ್ನಾಗಿ ಬಂದರೆ ಆ ನಾಲ್ಕರ ಫೋಟೊ ತೆಗೆಯಿರಿ, ಉಳಿದ ಎಂಟನ್ನು ಲ್ಯಾಬಿನಲ್ಲಿಟ್ಟರೆ ಹತ್ತು ನಿಮಿಷದಲ್ಲಿ ಖಾಲಿ. ಒಂದೇ ಷರತ್ತು, ಪೂರ್ತಿ ಆರಿರಬೇಕು. ಬೆಚ್ಚಗಿನ ಕಪ್‌ಕೇಕ್ ಮೇಲೆ ಬಟರ್‌ಕ್ರೀಮ್ ಹಾಕಿದರೆ ಅದು ಜಾರಿ ಬದಿಗೆ ಬರುತ್ತದೆ.

ಓವನ್ ಇಲ್ಲದವರು ಅಂಗಡಿಯ ಸಾದಾ ಸ್ಪಂಜ್ ಕೇಕ್ ತಂದು ಅಲಂಕಾರ ಮಾಡಲಿ. ಅದರಲ್ಲಿ ನಾಚಿಕೆ ಏನಿಲ್ಲ. ಥರ್ಮಕೋಲಿನ ನಕಲಿ ಕೇಕ್ ಕೂಡ ಸಿಗುತ್ತದೆ, ಕೆರೆದು ಒರೆಸಿ ಮತ್ತೆ ಮತ್ತೆ ಬಳಸಬಹುದು. ಆದರೆ ರೂಮಿನಲ್ಲಿ ಅದನ್ನಿಡಲು ಜಾಗ ಬೇಕು, ಓದು ಮುಗಿಸಿ ಹೊರಡುವಾಗ ಬಿಸಾಡಬೇಕು. ಬೋರಲು ಹಾಕಿದ ತಟ್ಟೆಯೇ ವಾಸಿ.

ಯಾರ ಹತ್ತಿರ ಕಲಿಯುವುದು?

ವಿಡಿಯೊ ನೋಡಿ ಕಲಿಯುವುದು ಎಲ್ಲರ ಮೊದಲ ಆಯ್ಕೆ. ಬೇಕಾದಾಗ ನೋಡಬಹುದು, ಪರೀಕ್ಷೆಗೆ ಬಿಡುವು ಕೇಳಬೇಕಿಲ್ಲ. ಆದರೆ ವಿಡಿಯೊದಲ್ಲಿ ಒಂದು ವಿಷಯ ಮಾತ್ರ ಕಾಣುವುದೇ ಇಲ್ಲ. ಅದು ಕೈಯ ಒತ್ತಡ. ವೇಗ ಹೆಚ್ಚಿಸಿದ ಒಂದು ನಿಮಿಷದ ತುಣುಕುಗಳಂತೂ ಕಲಿಸುವುದಕ್ಕಲ್ಲ, ನೋಡುವುದಕ್ಕೆ. ವೇಗ ಹೆಚ್ಚಿಸದೆ ಇಡೀ ಕೇಕ್ ತೋರಿಸುವ ಉದ್ದದ ವಿಡಿಯೊ ಹುಡುಕಿ. ತಪ್ಪು ಮಾಡಿ ಸರಿಪಡಿಸುವುದನ್ನೂ ತೋರಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಎದುರು ಕೂತು ಕಲಿಯುವ ಕ್ಲಾಸಿನಲ್ಲಿ ಬೆಲೆಬಾಳುವುದು ಇದೊಂದೇ. ಟೀಚರ್ ನಿಮ್ಮ ಕೈಯ ಮೇಲೆ ಕೈಯಿಟ್ಟು ಒತ್ತುತ್ತಾರೆ. "ಇಷ್ಟು" ಎನ್ನುತ್ತಾರೆ. ಆ "ಇಷ್ಟು" ಮುಂದೆ ಯಾವತ್ತೂ ಮರೆಯುವುದಿಲ್ಲ. ಅದಕ್ಕೆ ಒಂದು ಮಧ್ಯಾಹ್ನದ ಕ್ಲಾಸು ಸಾಕು. ಇನ್ನೊಂದು ಲಾಭವೂ ಇದೆ. ಹೊಸ ದೇಶದಲ್ಲಿ ಭಾಷೆ ಇನ್ನೂ ನಾಲಿಗೆಗೆ ಹತ್ತದ ದಿನಗಳಲ್ಲಿ, ಮಾತು ಕಮ್ಮಿ ಬೇಕಾಗುವ, ಕೈ ಜಾಸ್ತಿ ಓಡುವ ಇಂಥ ಜಾಗದಲ್ಲಿ ಜನರ ಪರಿಚಯ ಸಲೀಸು. ಪಕ್ಕದವರ ಕ್ರೀಮು ಕರಗಿದರೆ ಇಬ್ಬರೂ ನಕ್ಕಾಯಿತು.

ವಾರಗಟ್ಟಲೆ ನಡೆಯುವ ಕೋರ್ಸಿನ ಬಗ್ಗೆ ನನಗೆ ಕಹಿ ಇದೆ, ಮೊದಲೇ ಹೇಳಿಬಿಡುತ್ತೇನೆ. ನಾನು ಆರು ವಾರದ ಕೋರ್ಸಿಗೆ ಪೂರ್ತಿ ದುಡ್ಡು ಕಟ್ಟಿದೆ. ಮೂರನೇ ವಾರಕ್ಕೆ ಆಂತರಿಕ ಪರೀಕ್ಷೆಗಳು ಬಂದವು. ತಪ್ಪಿದ ಪಾಠ ಮತ್ತೆ ಸಿಗುವುದಿಲ್ಲ, ದುಡ್ಡೂ ವಾಪಸ್ ಇಲ್ಲ ಅಂದರು. ಆಮೇಲೆ ಹೋಗಲು ತಲೆನೋವು, ಬಿಡಲು ಸಂಕಟ. ಹವ್ಯಾಸವೂ ಒಂದು ಹಾಜರಾತಿ ಪುಸ್ತಕವಾಯಿತು. ಸೇರಲೇಬೇಕು ಅಂದರೆ ನಿಮ್ಮ ಪರೀಕ್ಷಾ ವೇಳಾಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ದಿನಾಂಕ ನೋಡಿ. ತಪ್ಪಿದ ಪಾಠಕ್ಕೆ ಏನು ಮಾಡುತ್ತಾರೆ ಎಂದು ದುಡ್ಡು ಕಟ್ಟುವ ಮುಂಚೆ ಕೇಳಿ.

ವಿಶ್ವವಿದ್ಯಾಲಯದಲ್ಲಿ ಬೇಕಿಂಗ್ ಕ್ಲಬ್ ಇದ್ದರೆ ಅದು ಇವೆಲ್ಲದರ ನಡುವಿನ ದಾರಿ. ಕಲಿಸುವುದು ಅಷ್ಟಕ್ಕಷ್ಟೇ ಇರಬಹುದು. ಆದರೆ ಬೀಟರ್ ಇರುತ್ತದೆ, ಕೇಕ್ ಇಟ್ಟು ತಿರುಗಿಸುವ ಟರ್ನ್‌ಟೇಬಲ್ ಇರುತ್ತದೆ, ತಿನ್ನುವವರಂತೂ ಇದ್ದೇ ಇರುತ್ತಾರೆ. ನಾನಾಗಿದ್ದರೆ ಮೊದಲು ಒಂದು ತಿಂಗಳು ವಿಡಿಯೊ, ಆಮೇಲೆ ಒಂದೇ ಒಂದು ಮಧ್ಯಾಹ್ನದ ಕ್ಲಾಸು. ಉಲ್ಟಾ ಮಾಡಬೇಡಿ. ಒಂದು ತಿಂಗಳು ತಪ್ಪು ಮಾಡಿದ ಮೇಲೆ ಕೇಳಲು ನಿಮ್ಮ ಹತ್ತಿರ ಪ್ರಶ್ನೆಗಳಿರುತ್ತವೆ.

ಸಾಮಾನು

ಐವತ್ತು ನಾಜಲ್‌ಗಳ ಪೆಟ್ಟಿಗೆ ಕೊಳ್ಳಬೇಡಿ. ನಾಲ್ಕು ಸಾಕು: 1ಎಂ ಎಂಬ ದೊಡ್ಡ ನಕ್ಷತ್ರ, 3ನೇ ನಂಬರಿನ ದುಂಡನೆಯದು, ಎಲೆಗೆ 352, ಎಸಳಿಗೆ 104. ಈ ನಂಬರುಗಳು ವಿಲ್ಟನ್ ಕಂಪನಿಯವು. 1929ರಲ್ಲಿ ಶಿಕಾಗೊದಲ್ಲಿ ಶುರುವಾದ ಕಂಪನಿ ಅದು. ಬೇರೆ ಕಂಪನಿಯದಾದರೆ ನಂಬರ್ ಬೇರೆ ಇರಬಹುದು, ಆಗ ತುದಿಯ ಆಕಾರ ನೋಡಿ ತನ್ನಿ. ಮೊದಲ ತಿಂಗಳು ನಕ್ಷತ್ರವೊಂದೇ ಇದ್ದರೂ ಚಿಪ್ಪು, ಸುರುಳಿ, ನಕ್ಷತ್ರ, ರೋಸೆಟ್ ಎಲ್ಲ ಬರುತ್ತದೆ.

ಬಣ್ಣ ಜೆಲ್‌ನದೇ ಇರಲಿ. ನೀರಿನ ಬಣ್ಣ ಹಾಕಿದರೆ ಕಡುಬಣ್ಣ ಬರುವಷ್ಟರಲ್ಲಿ ಕ್ರೀಮು ತೆಳುವಾಗಿರುತ್ತದೆ. ಕೆಂಪು, ಕಪ್ಪು ಬೇಕಾದಾಗ ಬಟ್ಟಲಿನಲ್ಲಿ ಕಂಡ ಬಣ್ಣಕ್ಕೆ ಗಾಬರಿಯಾಗಿ ಇನ್ನೂ ಸುರಿಯಬೇಡಿ. ಕೆಲವು ಗಂಟೆ ಬಿಟ್ಟರೆ ತಾನೇ ಕಡುವಾಗುತ್ತದೆ. ಬೆಣ್ಣೆಯ ಹಳದಿಯಿಂದಾಗಿ ನೀಲಿ ಹಸಿರಾಗಿ ಕಂಡರೆ ಟೂತ್‌ಪಿಕ್ ತುದಿಯಷ್ಟು ನೇರಳೆ ಸೇರಿಸಿ.

ಟರ್ನ್‌ಟೇಬಲ್ ಬದಲು ಮೈಕ್ರೋವೇವ್‌ನ ಗಾಜಿನ ತಟ್ಟೆಯನ್ನು ಅದರ ಚಕ್ರದ ಉಂಗುರದ ಮೇಲಿಟ್ಟು ತಿರುಗಿಸಬಹುದು. ಸ್ವಲ್ಪ ಅಲುಗಾಡುತ್ತದೆ, ಕಪ್‌ಕೇಕಿನ ಮಟ್ಟಕ್ಕೆ ನಡೆಯುತ್ತದೆ. ಕೆಲವು ದೇಶಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪುಸ್ತಕದ ಹಾಗೆ ಕೇಕ್ ತಟ್ಟೆಗಳನ್ನೂ ಎರವಲು ಕೊಡುತ್ತಾರೆ. ಕೊಳ್ಳುವ ಮುಂಚೆ ಅಲ್ಲೊಮ್ಮೆ ಕೇಳಿ.

ಪರದೇಶದ ಕೆಲವು ಕಿರಿಕಿರಿಗಳು

ಪಾಕವಿಧಾನದಲ್ಲಿ ಹೇಳುವ ಅಳತೆಯ ಕಪ್ ಎಲ್ಲ ಕಡೆ ಒಂದೇ ಅಲ್ಲ. ಒಂದು ಕಡೆ 240 ಮಿಲಿ, ಇನ್ನೊಂದು ಕಡೆ 250. ಟೇಬಲ್ ಚಮಚ ಹೆಚ್ಚಿನ ಕಡೆ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20. ಓವನ್ನಿನ ಮೇಲೆ ಸೆಲ್ಸಿಯಸ್ ಇದೆಯೋ ಫ್ಯಾರನ್‌ಹೀಟ್ ಇದೆಯೋ ನೋಡಿ, 180 ಮತ್ತು 350 ಹೆಚ್ಚುಕಮ್ಮಿ ಒಂದೇ. ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದು ಗ್ರಾಂ ಲೆಕ್ಕಕ್ಕೆ ಬಂದುಬಿಟ್ಟರೆ ಈ ಗೊಂದಲವೆಲ್ಲ ಇಲ್ಲ. ಕ್ರೀಮಿನ ಹೆಸರೂ ಹಾಗೇ, ದೇಶಕ್ಕೊಂದು. ಹೆಸರು ಬಿಟ್ಟು ಡಬ್ಬಿಯ ಹಿಂದಿನ ಕೊಬ್ಬಿನ ಪ್ರತಿಶತ ಓದಿ.

ಹಂಚುವ ಮುಂಚೆ ಅದರಲ್ಲಿ ಏನೇನಿದೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಬೀಜಗಳು, ಮೊಟ್ಟೆ, ಹಾಲು, ಗೋಧಿ ಯಾರಿಗೆ ಆಗುವುದಿಲ್ಲವೋ ಗೊತ್ತಿರುವುದಿಲ್ಲ. ಎಷ್ಟೋ ಫಾಂಡಂಟ್‌ಗಳಲ್ಲಿ, ಮಾರ್ಷ್‌ಮೆಲೊಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಟಿನ್ ಇರುತ್ತದೆ. ಕೆಲವು ಕೆಂಪು ಬಣ್ಣಗಳಲ್ಲಿ ಇ120 ಇರುತ್ತದೆ, ಅದನ್ನು ಕೀಟದಿಂದ ತೆಗೆಯುತ್ತಾರೆ. ಸಸ್ಯಾಹಾರಿಗಳಿಗೆ ಇದು ಮುಖ್ಯ.

ಕೈ ಪಳಗಿದ ಮೇಲೆ ಯಾರಾದರೂ ದುಡ್ಡು ಕೊಡುತ್ತೇನೆ, ಹುಟ್ಟುಹಬ್ಬಕ್ಕೆ ಮಾಡಿಕೊಡು ಎಂದು ಕೇಳಿಯೇ ಕೇಳುತ್ತಾರೆ. ಒಪ್ಪುವ ಮುಂಚೆ ನಿಮ್ಮ ವಿದ್ಯಾರ್ಥಿ ವೀಸಾದ ಷರತ್ತು ಓದಿ. ಸ್ವಂತ ವ್ಯಾಪಾರಕ್ಕೆ ಅವಕಾಶ ಕೊಡದ ದೇಶಗಳಿವೆ. ಗೊತ್ತಾಗದಿದ್ದರೆ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಕೇಳಿ. ಅದೂ ಅಲ್ಲದೆ, ಆರ್ಡರ್ ಅಂದ ಕೂಡಲೇ ಗಡುವು ಬಂತು. ಗಡುವು ಸಾಕಾಗಿಯೇ ಅಲ್ವಾ ನಾವು ಇದಕ್ಕೆ ಬಂದದ್ದು?

ಇವತ್ತು ರಾತ್ರಿಯೇ ಶುರು ಮಾಡುವುದಾದರೆ

125 ಗ್ರಾಂ ಬೆಣ್ಣೆಯನ್ನು ಸಂಜೆಯೇ ಹೊರಗಿಡಿ. ಊಟ ಆದ ಮೇಲೆ ಅದನ್ನು ಮರದ ಚಮಚದಲ್ಲಿ ಮೆತ್ತಗೆ ಬಿಳಿಚುವವರೆಗೆ ಕಲಸಿ, 250 ಗ್ರಾಂ ಐಸಿಂಗ್ ಶುಗರನ್ನು ಮೂರು ಸಲಕ್ಕೆ ಸೇರಿಸಿ. ಬೀಟರ್ ಇಲ್ಲದಿದ್ದರೂ ಆಗುತ್ತದೆ, ತೋಳು ನೋಯುತ್ತದೆ. ಸಕ್ಕರೆ ಹಾಕುವಾಗ ಬಟ್ಟಲಿನ ಮೇಲೆ ಒಂದು ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಮುಖವೆಲ್ಲ ಬಿಳಿ. ಚೀಲವನ್ನು ಎತ್ತರದ ಲೋಟದೊಳಗೆ ನಿಲ್ಲಿಸಿ, ಬಾಯಿ ಹೊರಕ್ಕೆ ಮಡಚಿ, ಅರ್ಧ ಮಾತ್ರ ತುಂಬಿ. ಪೂರ್ತಿ ತುಂಬಿದರೆ ಹಿಂದಿನಿಂದ ಉಕ್ಕುತ್ತದೆ. ತಟ್ಟೆ ಬೋರಲು ಹಾಕಿ. ಅರ್ಧ ಗಂಟೆ ಚಿಪ್ಪುಗಳು, ಬೇರೇನೂ ಬೇಡ.

ಮುಗಿದ ಮೇಲೆ ಜಿಡ್ಡಿನ ಬಟ್ಟಲನ್ನು ನೇರ ಸಿಂಕಿಗೆ ಹಾಕಬೇಡಿ. ಮೊದಲು ಪೇಪರ್ ಟವೆಲಿನಿಂದ ಪೂರ್ತಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ಬಿಸಿನೀರು, ಸೋಪು. ಬೆಣ್ಣೆ ಕೊಳವೆಯೊಳಗೆ ಹೋಗಿ ತಣ್ಣಗಾದರೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಆಗ ಇಡೀ ಮಹಡಿಯವರು ನಿಮ್ಮ ರೂಮಿನ ಬಾಗಿಲು ಬಡಿಯುತ್ತಾರೆ, ಕೇಕ್ ಕೇಳಿಕೊಂಡು ಅಲ್ಲ.